ತುಂಗಕ್ಕಾರ ಕಟ್ಟಿಗೆ ಖೋಲಿ

ಬೈಯುವ ಮೊದಲು ಬಾಟಲಿಗೆ ಬುಚ್ಚು ಹಾಕುವವರನ್ನು ನಾನು ನೋಡಿದ್ದು ಒಬ್ಬರನ್ನೇ. ಕೈಯಲ್ಲಿದ್ದ ಆ್ಯಸಿಡ್ಡಿಗೆ ಬುಚ್ಚು ಒತ್ತಿ, ಬಾಟಲಿಯನ್ನು ಅದರ ಜಾಗದಲ್ಲಿಟ್ಟು, ಬೋಳು ತಲೆಯ ಮೇಲೆ ಕೆಂಪು ಸೆರಗನ್ನು ಸರಿಯಾಗಿ ಎಳೆದುಕೊಂಡರೆಂದರೆ ಮುಗಿಯಿತು, ನನ್ನ ಗ್ರಹಚಾರ. "ಕತ್ತಿ! ಅದರ ಬುಚ್ಚ ತಗದು ಇದಕ್ಕ ಹಾಕೀಯಲ್ಲೋ, ನಿಮ್ಮವ್ವ ನಿನಗ ಎಂಜಲಾ ಮುಸರಿ ಏನೂ ಕಲಿಸಿಲ್ಲೇನು?" ಮಡಿ ಮೈಲಿಗೆಯ ಮನೆಯಲ್ಲಿ ಬೆಳೆದ ತುಂಗಕ್ಕಾರಿಗೆ ಕೆಮಿಸ್ಟ್ರಿಯೂ ಅದೇ ಭಾಷೆಯಲ್ಲಿ ಬಂದಿತ್ತು. ಒಂದರ ಚಮಚ ಇನ್ನೊಂದರಲ್ಲಿ ಅದ್ದಿದರೆ ಮುಸುರೆ. ತೊಳೆದ ಗಾಜಿನ ನಳಿಗೆಯನ್ನು ಮಳೆನೀರಿನಲ್ಲಿ ಮತ್ತೊಮ್ಮೆ ತೊಳೆಯದಿದ್ದರೆ ಮೈಲಿಗೆ. ಆದರೆ ಒಂದು ಮಾತನ್ನು ಮಾತ್ರ ಖಡಾಖಂಡಿತವಾಗಿ ಹೇಳುತ್ತಿದ್ದರು: "ಮಡಿ ಇರೂದು ಬಾಟ್ಲಿಗೆ. ಮನಶ್ಯಾಗ ಅಲ್ಲ."

ಒಂಬತ್ತಕ್ಕೆ ಮದುವೆ, ಹದಿಮೂರಕ್ಕೆ ವೈಧವ್ಯ. ಧಾರವಾಡದ ಹೈಸ್ಕೂಲೊಂದರಲ್ಲಿ ಸಾಯನ್ಸ್ ಮಾಸ್ತರರಾಗಿದ್ದ ತಂದೆ ತಿರುಗಿ ಬಂದ ಮಗಳ ಕೈಗೆ ಜಪಮಣಿ ಕೊಡಲಿಲ್ಲ, ಕೆಮಿಸ್ಟ್ರಿಯ ಪುಸ್ತಕ ಕೊಟ್ಟರು. ಹಿತ್ತಲಿನ ಕಟ್ಟಿಗೆ ಖೋಲಿಯಲ್ಲಿ ಇಪ್ಪತ್ತು ವರ್ಷ ಅವರಿಬ್ಬರೂ ಉಪ್ಪುಗಳನ್ನು ಪರೀಕ್ಷಿಸಿದರು. ಆ ಖೋಲಿ ತುಂಗಾನದು ಎಂದು ಸಾಯುವಾಗ ಮಗನಿಂದ ಮಾತು ತೆಗೆದುಕೊಂಡಿದ್ದರಂತೆ. ಮಗ ವಕೀಲರು, ಮಾತು ಮುರಿಯಲಿಲ್ಲ. ಕಾಲೇಜಿನ ಹುಡುಗರು ಒಬ್ಬೊಬ್ಬರಾಗಿ ಹಿತ್ತಲ ಬಾಗಿಲಿಂದ ಬಂದು ಕಲಿತು ಹೋಗುವುದನ್ನು ಕಂಡೂ ಕಾಣದಂತೆ ಇದ್ದರು. ಅಕ್ಕಾರು ಮಾತ್ರ ಜನ್ಮದಲ್ಲಿ ಒಂದು ಪರೀಕ್ಷೆಗೂ ಕೂತವರಲ್ಲ.

ನಾನು ಅಲ್ಲಿಗೆ ಹೋದದ್ದು ಇಂಟರ್ ಸಾಯನ್ಸ್‌ನ ಪ್ರಾಕ್ಟಿಕಲ್ಲಿನಲ್ಲಿ ಫೇಲಾಗಿ. ಫೇಲಾಗದೆ ಏನಾಗಬೇಕಿತ್ತು? ಗರಗದ ಊರ ಹೊರಗಿನ ಕೇರಿಯವನು ನಾನು. ಕಾಲೇಜಿನ ಲ್ಯಾಬೊರೇಟರಿಯಲ್ಲಿ ಎಲ್ಲರೂ ಬಾಟಲಿ ಮುಟ್ಟಿ ಮುಗಿಸಿದ ಮೇಲೆ ನನ್ನ ಸರದಿ. ಅಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು. ಕಲಿಸುವ ಡೆಮಾನ್‌ಸ್ಟ್ರೇಟರು ನಗುತ್ತಲೇ ಹೇಳಿದ್ದರು, "ನಿನ್ನ ಕೈಗೆ ಇದು ಒಗ್ಗೂದಿಲ್ಲೋ. ಆರ್ಟ್ಸ್ ತಗೋ." ಇನ್ನೊಂದು ಸಲ ಫೇಲಾದರೆ ಹಾಸ್ಟೆಲ್ಲೂ ಇಲ್ಲ, ಸಾಯನ್ಸೂ ಇಲ್ಲ. ಅವರು ಹೇಳಿದ್ದಕ್ಕೆ ಮೈಯೆಲ್ಲ ಉರಿದಿತ್ತು ನಿಜ. ಆದರೆ ಒಳಗೊಳಗೇ ನನ್ನ ಕೈಯ ಮೇಲೆ ನನಗೇ ಅನುಮಾನ ಹುಟ್ಟಿತ್ತು.

ಕಾಲೇಜಿನ ಸಿಪಾಯಿ ಗುಟ್ಟಾಗಿ ದಾರಿ ಹೇಳಿಕೊಟ್ಟ. ಹಿತ್ತಲ ಬಾಗಿಲ ಹೊರಗೇ ನಿಂತು, ಆಮೇಲೆ ರಂಪ ಬೇಡವೆಂದು, ಮೊದಲೇ ನನ್ನ ಕೇರಿ ಯಾವುದೆಂದು ಹೇಳಿಬಿಟ್ಟೆ.

"ಅದನ್ನ ಯಾರು ಕೇಳಿದ್ರು ನಿನಗ? ಎರಡನೇ ಗ್ರೂಪಿನೊಳಗ ಏನೇನು ಬರ್ತಾವ, ಅದನ್ನ ಹೇಳು."

ಉಪ್ಪಿನ ಪರೀಕ್ಷೆಯಲ್ಲಿ ಆ ಗ್ರೂಪಿಗೆ ಸೇರುವ ಧಾತುಗಳನ್ನು ನಿಂತಲ್ಲೇ ಒದರಿದೆ. ಪಾದರಸ, ಸೀಸ, ತಾಮ್ರ, ಬಿಸ್ಮತ್, ಆರ್ಸೆನಿಕ್, ಆಂಟಿಮನಿ, ತವರ.

"ಕ್ಯಾಡ್ಮಿಯಮ್ಮನ್ನ ಎಲ್ಲಿ ಬಿಟ್ಟು ಬಂದಿ, ಗರಗದಾಗೇನು? ಒಳಗ ಬಾ."

ಒಳಗೆ ಹೋದೆ. ದಿನಾ ಸಂಜೆ ನಾಲ್ಕಕ್ಕೆ ನಾನು, ಅವರು, ಒಂದು ಸ್ಪಿರಿಟ್ ದೀಪ. ಹೆಸರು ಹೇಳದೆ ಒಂದು ಚಿಟಿಕೆ ಉಪ್ಪು ಕೊಡುತ್ತಿದ್ದರು. ಅದರಲ್ಲಿ ಏನಿದೆ ಎಂದು ನಾನು ಕಂಡುಹಿಡಿಯಬೇಕು. ಎರಡನೇ ಗ್ರೂಪಿಗೆ ಬೇಕಾದ ಗ್ಯಾಸು ತಯಾರಿಸಿದ ದಿನ ಓಣಿಯೆಲ್ಲ ಕೊಳೆತ ತತ್ತಿಯ ವಾಸನೆ. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ತುಂಗಕ್ಕಾ, ನಿಮ್ಮ ಮನಿಯೊಳಗ ತತ್ತಿ...?" ಎಂದು ಕೇಳಿದರು. "ತತ್ತಿ ಅಲ್ರೀ, ಪಾಠ! ಮೂಗು ಮುಚ್ಕೊಂಡು ಒಳಗ ಹೋಗ್ರಿ," ಎಂದರು ಅಕ್ಕಾರು. ನಾನು ನಕ್ಕಿದ್ದಕ್ಕೆ ನನಗೂ ಬಿತ್ತು ಪೂಜೆ.

ಪರೀಕ್ಷೆಗೆ ಹದಿನೈದು ದಿನ ಉಳಿದಾಗ ನನ್ನ ಕೈ ಮತ್ತೆ ಕೆಟ್ಟಿತು. ಯಾವ ಉಪ್ಪು ಕೊಟ್ಟರೂ ನನಗೆ ಅದರಲ್ಲಿ ಅಮೋನಿಯಾ ಕಾಣತೊಡಗಿತು. ನಳಿಗೆಗೆ ಕಾಸ್ಟಿಕ್ ಸೋಡಾ ಹಾಕಿ ಕಾಯಿಸಿದರೆ ಮೂಗಿಗೆ ಘಾಟು ವಾಸನೆ, ಹಿಡಿದ ಕೆಂಪು ಲಿಟ್ಮಸ್ ಕಾಗದ ನೀಲಿ. "ಇದರೊಳಗ ಅಮೋನಿಯಾ ಇಲ್ಲೇ ಇಲ್ಲ," ಎಂದರು ಅಕ್ಕಾರು. ಮರುದಿನವೂ ಅದೇ, ಮೂರನೆಯ ದಿನವೂ ಅದೇ. ಬುಚ್ಚು ಹಾಕಿದರು, ಬೈದರು. ನಾನು ನಳಿಗೆ ಕೆಳಗಿಟ್ಟು, "ಬಿಡ್ರೀ ಅಕ್ಕಾರ, ಅವರು ಹೇಳಿದ್ದ ಖರೇ ಐತಿ. ನನ್ನ ಕೈಯಾಗ ಏನೋ ದೋಷ ಐತ್ರಿ," ಎಂದೆ. ಕಣ್ಣಲ್ಲಿ ನೀರು ಬಂದಿತ್ತು.

ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. ಆಮೇಲೆ ಏನೂ ಬೆರೆಸದ ಬರೀ ಮಳೆನೀರನ್ನು ಕೊಡದಿಂದ ನಳಿಗೆಗೆ ಹಾಕಿ, ತಮ್ಮ ಕೈಯಾರೆ ಸೋಡಾ ಸುರಿದು ಕಾಯಿಸಿದರು. ಲಿಟ್ಮಸ್ ನೀಲಿಯಾಯಿತು. ಉಪ್ಪೇ ಇಲ್ಲದ ನೀರಿನಲ್ಲಿ ಅಮೋನಿಯಾ! ಕೊಡಕ್ಕೆ ಮುಚ್ಚಿದ್ದ ಅರಿವೆಯನ್ನು ಎತ್ತಿ ಮೂಸಿದವರೇ ನಳಿಗೆ ಹಿಡಿದುಕೊಂಡು ಸರಸರನೆ ಒಳಮನೆಗೆ ನಡೆದರು. ನಾನು ಹಿತ್ತಲಲ್ಲಿ ನಿಂತೆ. ಮಾತೆಲ್ಲ ಕೇಳಿಸುತ್ತಿತ್ತು.

"ವೈನಿ, ನನ್ನ ಖೋಲಿಯೊಳಗ ಏನು ಸಿಂಪಡಿಸ್ತೀರಿ?"

ಅಣ್ಣನ ಹೆಂಡತಿ ಮುಚ್ಚಿಡಲಿಲ್ಲ. "ಗೋಮೂತ್ರ. ಆ ಹುಡುಗನ ಕೇರಿ ಯಾವುದಂತ ಮೊನ್ನೆ ತಿಳೀತು, ಅವತ್ತಿಂದ ಅವ ಹೋದ ಮ್ಯಾಲೆ ದಿನಾ ಹಾಕ್ತೀನಿ. ಮನಿಯೊಳಗ ದೇವರು ಇದ್ದಾನ, ಶುದ್ಧ ಮಾಡಬ್ಯಾಡೇನು?"

"ನೋಡ್ರಿ ಇಲ್ಲೆ, ನಿಮ್ಮ ಶುದ್ಧಿ! ಆ ಹುಡುಗ ತಿಂಗಳುಗಟ್ಟಲೆ ಮುಟ್ಯಾನ, ನನ್ನ ನೀರು ಕೆಟ್ಟಿರಲಿಲ್ಲ. ನೀವು ಶುದ್ಧ ಮಾಡಿದ್ರಿ, ಕೆಟ್ಟು ಹೋತು."

ಆಗ ವಕೀಲರ ದನಿ: "ತುಂಗಾ, ಸಾಕಿನ್ನ. ಊರಾಗ ನನ್ನ ತಲಿ ಎತ್ತಿ ತಿರುಗ್ಲಿಕ್ಕೆ ಬಿಡ್ತೀಯೋ ಇಲ್ಲೋ? ನಾಳಿಂದ ಅವ ಬರೂದು ಬ್ಯಾಡ."

"ಬರ್ತಾನ. ಅವನ್ನ ನೀವು ತಡದ್ರ ನಾ ಅನ್ನ ಬಿಡ್ತೀನಿ. ಹದಿಮೂರು ವರ್ಷದಾಕಿ ಇದ್ದಾಗಿಂದ ಏಕಾದಶಿ ಮಾಡಿಸೀರಿ ನನ್ನ ಕಡೆ. ಉಪವಾಸಕ್ಕ ನಾ ಹೆದರೂಕಿ ಅಲ್ಲ."

ಖರೇ ಬಿಟ್ಟರು. ಮೂರು ದಿನ ಬರೀ ನೀರು. ಖೋಲಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ನೀರು ಕುದಿಸಿ ಆವಿಯಿಂದ ಹೊಸ ನೀರು ಇಳಿಸಿದರು, ಪಾಠ ಒಂದು ದಿನವೂ ತಪ್ಪಲಿಲ್ಲ. ನಾನು ಬರುವುದಿಲ್ಲ ಎಂದರೆ ಸಿಡಿದರು, "ನೀ ಬರದಿದ್ರ ನನ್ನ ಉಪವಾಸ ದಂಡ. ಬಾಯಿ ಮುಚ್ಕೊಂಡು ಸೋಸು." ಮೂರನೆಯ ಸಂಜೆ ವಕೀಲರೇ ಹಿತ್ತಲಿಗೆ ಬಂದು, ನನ್ನ ಕಡೆ ನೋಡದೆ ಹೇಳಿದರು: "ಪರೀಕ್ಷಾ ಮುಗಿಯೂತನಕ ಬರ್ಲಿ. ಎದ್ದು ಊಟಾ ಮಾಡವಾ." ಅಕ್ಕಾರು ಏಳಲಿಲ್ಲ. "ಈ ಹುಡುಗನ ಗಸಿ ಇಳೀಲಿ, ಬರ್ತೀನಿ," ಎಂದರು. ನಳಿಗೆಯ ತಳಕ್ಕೆ ಗಸಿ ಪೂರ್ತಿ ಇಳಿದ ಮೇಲೇ ಎದ್ದರು.

ಆ ಸಲದ ಪ್ರಾಕ್ಟಿಕಲ್ಲಿನಲ್ಲಿ ಕೊಟ್ಟ ಉಪ್ಪಿನೊಳಗೆ ಇದ್ದದ್ದನ್ನೆಲ್ಲ ಕಂಡುಹಿಡಿದು ಬರೆದೆ. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಕಾಗದವನ್ನು ಎರಡು ಸಲ ನೋಡಿ, "ಯಾರ ಹತ್ತಿರ ಕಲಿತೆ?" ಎಂದರು. ಡೆಮಾನ್‌ಸ್ಟ್ರೇಟರು ಪಕ್ಕದಲ್ಲೇ ಇದ್ದರು. "ಇಲ್ಲಿ ಅಲ್ರಿ," ಎಂದಷ್ಟೇ ಹೇಳಿದೆ. ಹೇಳಿದ್ದಕ್ಕೆ ಇವತ್ತಿಗೂ ಪಶ್ಚಾತ್ತಾಪವಿಲ್ಲ.

ವಕೀಲರು ಮಾತಿನ ಮನುಷ್ಯರೆಂದೆನಲ್ಲ, ಪರೀಕ್ಷೆ ಮುಗಿದ ಮರುದಿನವೇ ತಂಗಿಯನ್ನು ಹುಬ್ಬಳ್ಳಿಯ ಕೇಶ್ವಾಪುರಕ್ಕೆ, ತಮ್ಮ ಮಗಳ ಬಾಣಂತನಕ್ಕೆಂದು ಕಳಿಸಿಬಿಟ್ಟರು. ಬಾಣಂತನ ಮುಗಿದರೂ ತಿರುಗಿ ಕರೆಸಲಿಲ್ಲ. ಬಾಟಲಿಗಳು ಎಲ್ಲಿಗೆ ಹೋದವೋ ದೇವರೇ ಬಲ್ಲ.

ನಾನು ಮುಂದೆ ಓದಿ, ಬೇರೆ ಊರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವ ನೌಕರಿ ಹಿಡಿದೆ. ಬಿ.ಎಸ್ಸಿ. ಆಯಿತು, ನೌಕರಿ ಆಯಿತು ಎಂದು ಹೇಳಲು ಬೀಗುತ್ತಾ ಕೇಶ್ವಾಪುರಕ್ಕೆ ಹೋದೆ. ಅಕ್ಕಾರು ಸೊರಗಿದ್ದರು, ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದರು. ಎಲ್ಲ ಕೇಳಿ ಖುಷಿಪಟ್ಟು, ಆಮೇಲೆ ಕೇಳಿದರು, "ನಿನ್ನ ಕ್ಲಾಸಿನೊಳಗ ಹುಡಿಗ್ಯಾರು ಎಷ್ಟು ಮಂದಿ?"

"ಒಬ್ಬಾಕೀನೂ ಇಲ್ರಿ. ಈ ಸಲ ಇಬ್ಬರು ಬಂದಿದ್ರು. ಲ್ಯಾಬೊರೇಟರಿಯಾಗ ಹುಡಿಗ್ಯಾರಿಗೆ ಜಾಗಾ ಇಲ್ಲಂತ ಪ್ರಿನ್ಸಿಪಾಲರು ಹೊಳ್ಳಿ ಕಳಿಸಿದ್ರು."

"ನೀ ಏನಂದಿ?"

"ನಾ ಏನನ್ಲಿರಿ? ಹೊಸಾ ನೌಕರಿ..."

ಅವರು ಮೊರವನ್ನು ಬದಿಗಿಟ್ಟರು. "ನಿನ್ನ ಸಲುವಾಗಿ ನಾ ಮೂರು ದಿವಸ ಅನ್ನ ಬಿಟ್ಟೆ. ನೀ ಯಾರ ಸಲುವಾಗಿ ಏನು ಬಿಟ್ಟಿ?"

ಚಹಾ ಕುಡಿಯದೆ ಎದ್ದು ಬಂದೆ.

ಕಾಲೇಜಿಗೆ ಮರಳಿದವನೇ ಪ್ರಿನ್ಸಿಪಾಲರ ಖೋಲಿಗೆ ಹೋಗಿ, ಆ ಇಬ್ಬರಿಗೆ ಜಾಗವಿಲ್ಲದ ಲ್ಯಾಬೊರೇಟರಿಯಲ್ಲಿ ನನಗೂ ಜಾಗ ಬೇಡ ಎಂದೆ. ರಾಜೀನಾಮೆ ಬರೆದು ಕಿಸೆಯಲ್ಲಿಟ್ಟುಕೊಂಡೇ ಹೋಗಿದ್ದೆ. ಕೂಗಾಡಿದರು, ನಾನೂ ಕೂಗಾಡಿದೆ. ಮುಂದಿನ ಜೂನ್‌ನಲ್ಲಿ ಹುಡುಗಿಯರಿಬ್ಬರೂ ಬಂದು ಕೂತರು.

ದೀಪಾವಳಿ ರಜೆಯಲ್ಲಿ ಅವರನ್ನು ಕರೆದುಕೊಂಡು ಕೇಶ್ವಾಪುರಕ್ಕೆ ಹೋದೆ. ವಕೀಲರ ಮಗಳು ಬಾಗಿಲು ತೆರೆದಳು. "ಅತ್ತಿ ತೀರಿ ಹೋಗಿ ಹದಿನೈದು ದಿವಸ ಆತ್ರಿ," ಎಂದಳು. ಹುಡುಗಿಯರು ನನ್ನ ಮುಖ ನೋಡಿದರು. ಅಳು ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ನನಗೇ ಸಿಟ್ಟು ಬಂತು. ಒಂದು ವರ್ಷ ಮೊದಲೇ ಬಾಯಿ ಬಿಟ್ಟಿದ್ದರೆ ಅವರು ನೋಡುತ್ತಿದ್ದರು. ಬಂದವನು ಹೇಳದೆ ಹೋಗುವುದಿಲ್ಲ ಎಂದು ಹೊಸ್ತಿಲಲ್ಲೇ ನಿಂತು, ಖಾಲಿ ಅಂಗಳಕ್ಕೆ ಕೇಳುವಂತೆ ಗಟ್ಟಿಯಾಗಿ ಹೇಳಿದೆ:

"ಅಕ್ಕಾರ, ಈಕಿ ಕಮಲಾ, ಈಕಿ ಫಾತಿಮಾ. ಇಂಟರ್ ಸಾಯನ್ಸ್, ಇಬ್ಬರೂ."