ಅವ್ವನಿಗೂ ಒಂದು ಹೆಸರಿತ್ತು

"ತಾಯಿಯ ಹೆಸರು?" ಎಂದು ಕೇಳಿದ ಕೂಡಲೇ ಮಹದೇವ ತಲೆ ತಗ್ಗಿಸಿದ. ಅದು ತೊಂಬತ್ತರ ದಶಕ. ಗುಂಡ್ಲುಪೇಟೆಯ ನನ್ನ ಟೈಪಿಂಗ್ ಅಂಗಡಿಯಲ್ಲಿ ಕುಳಿತು, ಮಸ್ಕತ್ತಿಗೆ ಡ್ರೈವರ್ ಕೆಲಸಕ್ಕೆ ಹೊರಟಿದ್ದ ಅವನ ಪಾಸ್‌ಪೋರ್ಟ್ ಅರ್ಜಿ ತುಂಬುತ್ತಿದ್ದೆ.

"ಅವ್ವ ಅಂತ್ಲೇ ಕರ್ಯದು ಸಾ. ಊರೋರೂ ಮಾದೇವನ್ ಅವ್ವ ಅಂತಾರೆ," ಎಂದ.

ಮಧ್ಯಾಹ್ನದ ಬಸ್ಸಿಗೆ ತೆರಕಣಾಂಬಿಯಿಂದ ಅವ್ವನನ್ನೇ ಕರೆತಂದ. ಅವರ ಕೈಯಲ್ಲಿದ್ದ ರೇಷನ್ ಕಾರ್ಡಿನಲ್ಲಿ ದೊಡ್ಡಮ್ಮ ಎಂದಿತ್ತು.

"ದೊಡ್ಡ್ ಸೊಸೆ ಅಂತ ಗಂಡನ್ ಮನೇಲಿ ಅಂಗೆ ಕರ್ದ್‌ಬುಟ್ರು ಕಣಪ್ಪ. ನಮ್ಮವ್ವ ಇಟ್ಟ ಎಸ್ರು ಪುಟ್ಟಗೌರಿ. ಅದ್ನೇ ಬರ್ಕೊ," ಎಂದರು ಆಕೆ.

ದಾಖಲೆಗಳಲ್ಲಿ ಹೆಸರು ಬೇರೆಬೇರೆಯಾದರೆ ಅರ್ಜಿ ವಾಪಸ್ ಬರಬಹುದು, ಮಗನ ಕೆಲಸವೂ ಕೈತಪ್ಪಬಹುದು ಎಂದು ವಿವರಿಸಿದೆ. ಆಕೆ ಮಗನ ಕಡೆ ತಿರುಗಿ ನೋಡಿದರು.

"ಅಂಗಾರೆ ಕಾರ್ಡಲ್ಲಿರದ್ನೇ ಬರಿ. ನನ್ ಮಗ ಓಗ್ಬರ್ಲಿ."

ನಾನು ದೊಡ್ಡಮ್ಮ ಎಂದೇ ಟೈಪ್ ಮಾಡಿದೆ. ಅವ್ವನ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದ ಮಹದೇವ, ಪುಟ್ಟಗೌರಿ ಎಂದು ಮೆಲ್ಲಗೆ ಎರಡು ಸಲ ಹೇಳಿ ನೋಡಿಕೊಂಡ. ಆಕೆ ನಾಚಿ ಸೆರಗು ಬಾಯಿಗೆ ಅಡ್ಡ ಹಿಡಿದರು.

ನನ್ನ ತಾಯಿ ತೀರಿಕೊಂಡು ಆಗಲೇ ಹತ್ತು ವರ್ಷವಾಗಿತ್ತು. ತವರಿನಲ್ಲಿ ಆಕೆಯನ್ನು ಏನೆಂದು ಕರೆಯುತ್ತಿದ್ದರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.