ಒರೆಸಲೆಂದೇ ಹಾಕಿದ ರಂಗೋಲಿ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾವು ಗಲ್ಫಿನಲ್ಲಿ, ದಾರ್ಸೈಟ್‌ನ ಫ್ಲಾಟೊಂದರಲ್ಲಿದ್ದೆವು. ಆಗ ಎಲ್ಲಿಗೆ ಹೊರಟರೂ ನಾನು ಅರ್ಧ ಮೆಟ್ಟಿಲಿನಿಂದ ಹಿಂದಿರುಗುತ್ತಿದ್ದೆ. ಗ್ಯಾಸ್ ಬಂದ್ ಮಾಡಿದೆನೇ? ಮಾಡಿದ್ದು ಗೊತ್ತಿತ್ತು, ಬೆರಳಿಗೆ ರಬ್ಬರ್ ಕೊಳವೆಯ ವಾಸನೆಯೂ ಅಂಟಿರುತ್ತಿತ್ತು. ಮನಸ್ಸು ಒಪ್ಪುತ್ತಿರಲಿಲ್ಲ. ಮತ್ತೆ ಹತ್ತಿ, ಬೀಗ ತೆಗೆದು, ಸಿಲಿಂಡರಿನ ತಿರುಪು ಮುಟ್ಟಿ, ಇಳಿದು, ಮತ್ತೆ ಹತ್ತುವುದು. ರೂವಿಯ ಪೇಟೆಗೆ ಹೋಗಿ ತರಕಾರಿ ತರುವಷ್ಟರಲ್ಲಿ, ಇಡೀ ದಿನ ಗದ್ದೆಯಲ್ಲಿ ನೇಜಿ ನೆಟ್ಟವಳ ಹಾಗೆ ಸೋತಿರುತ್ತಿದ್ದೆ.

“ಬಂದ್ ಮಾಡಿದ್ದು ನಾನೇ ನೋಡಿದ್ದೇನೆ ಮಾರಾಯ್ತಿ,” ಎನ್ನುತ್ತಿದ್ದರು ಯಜಮಾನರು. “ಇನ್ನು ಆ ಸಿಲಿಂಡರನ್ನೇ ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹೋಗುವ, ಆಗದಾ?”

ನಗು ಬರುತ್ತಿತ್ತು. ನಕ್ಕು, ಮತ್ತೆ ಹತ್ತುತ್ತಿದ್ದೆ.

ಹೀಗೆ ತಡವಾಗಿ ಒಂದು ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ಮಗಳ ಕುಣಿತವೇ ತಪ್ಪಿಹೋಯಿತು. ಅವಳು ಅಳಲಿಲ್ಲ. “ಇಟ್ಸ್ ಓಕೆ, ಅಮ್ಮ,” ಎಂದಳು. ಅಷ್ಟು ಸಣ್ಣ ಮಗುವಿನ ಬಾಯಲ್ಲಿ ಆ ಮಾತು ಕೇಳಿ ನನಗೆ ಊಟ ಸೇರಲಿಲ್ಲ.

ಎದುರು ಮನೆಯಲ್ಲಿ ಮೈಸೂರಿನ ಹೆಂಗಸೊಬ್ಬರಿದ್ದರು. “ಬನ್ರೀ, ಕೈಗೊಂದು ಕೆಲಸ ಕೊಡ್ತೀನಿ,” ಎಂದು ಚುಕ್ಕಿ ರಂಗೋಲಿ ಕಲಿಸಿದರು. ನಮ್ಮ ಮನೆಯಲ್ಲಿ ಅದರ ರೂಢಿ ಇರಲಿಲ್ಲ. ಮೊದಲು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬಿಡಿಸಿದೆ. ಚುಕ್ಕಿಗಳನ್ನು ಬಳಸಿ ಎಳೆ ತಿರುಗಿಸುವಾಗ ತಲೆ ತಣ್ಣಗಿರುತ್ತಿತ್ತು. ಮುಗಿದ ಮೇಲೆ ಶುರು: ಆ ಚುಕ್ಕಿ ವಾರೆಯಾಯಿತೇ? ಅಳಿಸಿ, ಬಿಡಿಸಿ, ಪುನಃ ಅಳಿಸಿ ಕಾಗದ ತೂತಾಗುತ್ತಿತ್ತು. ಗ್ಯಾಸಿನ ಚಾಳಿ ರಂಗೋಲಿಗೂ ಹತ್ತಿತು.

“ಕಾಗದ ಬಿಡಿ, ಬಾಗಿಲಿಗೇ ಹಾಕಿ,” ಎಂದರು ಅವರು.

ಅಕ್ಕಿಹಿಟ್ಟಿನಲ್ಲಿ ಹಾಕತೊಡಗಿದೆ. ಕಟ್ಟಡ ಗುಡಿಸುವ ಬಂಗಾಳಿ ಬೆಳಿಗ್ಗೆ ಮೇಲಿನ ಮಹಡಿಯಿಂದ ಒರೆಸುತ್ತಾ ಇಳಿದು ಬರುತ್ತಿದ್ದ. ನಮ್ಮ ಬಾಗಿಲಿಗೆ ಬಂದು, ಬಕೆಟ್ ಇಟ್ಟು, “ಭಾಬಿ, ಖಲಾಸ್?” ಎಂದು ಕೇಳುವನು. ಅವನಿಗೆ ಇನ್ನೂ ಕೆಳಗಿನ ಮಹಡಿಗಳಿರುತ್ತಿದ್ದವು, “ಖಲಾಸ್” ಎನ್ನಲೇಬೇಕು. ಒದ್ದೆ ಬಟ್ಟೆ ಹಾಯ್ದ ಮೇಲೆ ಚುಕ್ಕಿ ಸರಿಯಿತ್ತೋ ಇಲ್ಲವೋ, ನೋಡಲು ಏನೂ ಉಳಿಯುತ್ತಿರಲಿಲ್ಲ.

“ನಿಮ್ಮ ರಂಗೋಲಿಗೆ ಹಾಲು ಕಾಯೋವಷ್ಟು ಆಯಸ್ಸು ಕಣ್ರೀ,” ಎಂದು ಎದುರು ಮನೆಯವರು ಛೇಡಿಸುತ್ತಿದ್ದರು.

ಮೊದಮೊದಲು ಎದೆ ಹಿಂಡುತ್ತಿತ್ತು. ಬಾಗಿಲು ಹಾಕಿ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಬರಬರುತ್ತಾ ತಿಳಿಯಿತು, ಆ ಸಂಕಟಕ್ಕೆ ನಾನೇನೂ ಮಾಡಬೇಕಿಲ್ಲ. ಬೇಳೆ ಬೇಯುವ ಹೊತ್ತಿಗೆ ಅದು ತಾನಾಗಿ ಇಳಿದಿರುತ್ತದೆ. ದಿನವೂ ಹಾಕಿದೆ, ದಿನವೂ ಒರೆಸಿಹೋಯಿತು. ಆದರೂ ಮೆಟ್ಟಿಲು ಹತ್ತುವುದು ತಪ್ಪಲಿಲ್ಲ, ಸ್ವಲ್ಪ ಕಡಿಮೆಯಾಯಿತು ಅಷ್ಟೆ.

ಮರುವರ್ಷ ಮತ್ತೆ ವಾರ್ಷಿಕೋತ್ಸವ ಬಂತು. ಮೆಟ್ಟಿಲಿಳಿಯುವಾಗ ನನ್ನ ಕಾಲು ನಿಂತಿತು. ಮಗಳು ತಿರುಗಿ ನೋಡಿ, “ಅಮ್ಮ, ಪ್ಲೀಸ್,” ಎಂದಳು. ಕೆಳಗೆ ಟ್ಯಾಕ್ಸಿಯವನು “ಯಲ್ಲಾ, ಯಲ್ಲಾ!” ಎಂದು ಕೂಗಿ ಅವಸರಪಡಿಸುತ್ತಿದ್ದ. ಯಜಮಾನರು ಅಂದು ತಮಾಷೆ ಮಾಡದೆ ಬೀಗದ ಕೈ ಚಾಚಿದರು.

“ನೋಡಿ ಬರ್ತೀಯಾ?”

“ಬೇಡ,” ಎಂದೆ. ಉಳಿದ ಮೆಟ್ಟಿಲಿಳಿದು ಟ್ಯಾಕ್ಸಿಯಲ್ಲಿ ಕುಳಿತೆ.

ಶಾಲೆಯ ಅಂಗಳದಲ್ಲಿ ಕುರ್ಚಿಯ ಅಂಚು ಹಿಡಿದು ಕುಳಿತೆ. ಮನಸ್ಸು ಸಿಲಿಂಡರಿನ ತಿರುಪಿನಲ್ಲೇ ಇತ್ತು, ಆದರೂ ಕಣ್ಣು ಮಗಳ ಮೇಲಿಟ್ಟೆ. ಮಗಳು ಕೋಲಾಟದಲ್ಲಿ ಒಂದು ಏಟು ತಪ್ಪಿ, ನಾಲಿಗೆ ಕಚ್ಚಿಕೊಂಡು, ಮತ್ತೆ ತಾಳಕ್ಕೆ ಸೇರಿಕೊಂಡಳು. ಮುಗಿದೊಡನೆ ಬಣ್ಣದ ಮುಖದಲ್ಲೇ ಓಡಿಬಂದಳು.

“ಅಮ್ಮ, ನನ್ನ ಮಿಸ್ಟೇಕ್ ನೋಡಿದೆಯಾ?”

“ನೋಡಿದೆ.”

ಅವಳ ಮುಖ ಅರಳಿತು. ಬಾ, ಫೋಟೋ ತೆಗೆಯುವ ಎಂದು ಕೈ ಹಿಡಿದು ಎಳೆದಳು. ಹಿಡಿದಿದ್ದ ಕುರ್ಚಿಯ ಅಂಚನ್ನು ಆಗ ಬಿಟ್ಟು, ಹಿಂದಕ್ಕೆ ಒರಗಿದೆ. “ತಡಿ ಮಗಾ, ಸ್ವಲ್ಪ ಕೂತ್ಕೊಳ್ತೇನೆ,” ಎಂದೆ.