ಕಲ್ಲಿನ ಬೆನ್ನಿಗೆ ಹಾಲು

ಅದಕ್ಕೇ ಹೇಳಿದ್ದು, ಸುಲೋಚನಾ ಆಂಟಿ ಹಾಲು ಹಾಕೋದು ಕಲ್ಲಿನ ಮುಂದ್ಗಡೆಗಲ್ಲ, ಬೆನ್ನಿಗೆ ಅಂತ. ಮುಂದ್ಗಡೆ ಹೆಸ್ರಿದೆ, ಸರಿ. ಆದ್ರೆ ನಾಗರಪಂಚಮಿ ದಿನ ಅಣ್ಣತಮ್ಮಂದಿರ ಮುಖಕ್ಕೆ ಯಾರಾದ್ರೂ ಹಾಲು ಹಾಕ್ತಾರಾ? ಬೆನ್ನಿಗೇ ತಾನೆ!

ಮೊದ್ಲಿಂದ ಕೇಳಿ. ಆಂಟಿ ಇರೋದು ಅಡಿಲೇಡಿನ ಮಾಸನ್ ಲೇಕ್ಸಲ್ಲಿ. ಯಜಮಾನ್ರು ಡಾಕ್ಟರ್ ಗೋಪಾಲಕೃಷ್ಣ, ಹದಿನೈದು ದಿನಕ್ಕೊಂದ್ಸಲ ಗುರುವಾರ, ಎರಡು ಗಂಟೆ ದೂರದ ಹಳ್ಳಿ ಕ್ಲಿನಿಕ್ಕಿಗೆ ಹೋಗ್ತಾರೆ. ಮನೇಲೊಬ್ಳೇ ಏನ್ ಮಾಡ್ಲಿ ಅಂತ ಆಂಟೀನೂ ಕಾರ್ ಹತ್ತೋರು. ಆ ಊರಲ್ಲಿ ಒಂದು ಸರ್ವೋ, ಅಂದ್ರೆ ಪೆಟ್ರೋಲ್ ಬಂಕು, ಒಂದು ಬೇಕರಿ, ಅಷ್ಟೇ. ಎರಡೂ ನೋಡಿ ಮುಗಿದ್ಮೇಲೆ ಉಳಿಯೋದು ಗೋಧಿ ಹೊಲದ ಮಧ್ಯೆ ಇರೋ ಹಳೇ ಸ್ಮಶಾನ.

ಅಲ್ಲೇ ಸಿಕ್ಕಿದ್ದು ಈ ಕಲ್ಲು. ಎದೆಮಟ್ಟ ಎತ್ತರ, ಒಂದ್ ಕಡೆ ವಾಲ್ಕೊಂಡಿದೆ. ಎಡ್ವಿನ್, ಸೈಲಸ್ ಅಂತ ಇಬ್ರು ಅಣ್ಣತಮ್ಮಂದಿರು ಚಿನ್ನ ಹುಡುಕ್ಕೊಂಡು ಅಮೆರಿಕಕ್ಕೆ ಹೋಗಿ, ಅಲ್ಲಿನ ಅಂತರ್ಯುದ್ಧದಲ್ಲಿ ಸಿಪಾಯಿ ಆಗ್ಬಿಟ್ರಂತೆ. '೧೮೬೩, ಲಾಸ್ಟ್' ಅಂತ ಕೆತ್ತಿದೆ. ಕೆಳಗಡೆ ಪುಟ್ಟದಾಗಿ, ಈ ಕಲ್ಲು ನಿಲ್ಲಿಸಿದ್ದು ತಂಗಿ ಗ್ರೇಸ್.

ಆವತ್ತು ವಾಪಸ್ ಬರೋವಾಗ ಆಂಟಿ ಕಾರಲ್ಲಿ ಅಂದ್ರು, "ರೀ, ಇಬ್ರೂ ಕಳ್ದೋಗಿದಾರೆ. ಸತ್ತಿಲ್ಲ."

"ಲಾಸ್ಟ್ ಅಂದ್ರೆ ಯುದ್ಧದಲ್ಲಿ ಸತ್ರು ಅಂತಾನೇ ಕಣೇ."

"ಹಂಗಿದ್ರೆ ಡೈಡ್ ಅಂತ ಕೆತ್ತಿಸ್ತಿದ್ಲು. ಅವಳಿಗೇನ್ ಇಂಗ್ಲಿಷ್ ಬರ್ತಿರ್ಲಿಲ್ವಾ?"

ಡಾಕ್ಟ್ರಿಗೆ ಗೊತ್ತು, ಹೆಂಡ್ತಿ ಮಾತಾಡ್ತಿರೋದು ಎಡ್ವಿನ್ ಬಗ್ಗೆ ಅಲ್ಲ.

ಆಂಟಿಗೆ ಒಬ್ನೇ ಅಣ್ಣ, ಸೋಮಶೇಖರ. ಮಿಲ್ಟ್ರಿಲಿದ್ದ. ಎಂಬತ್ತೇಳರಲ್ಲಿ ಶ್ರೀಲಂಕಾದಲ್ಲಿ ಅವರವರೇ ಹೊಡೆದಾಡ್ತಿದ್ದಾಗ ನಮ್ಮ ಸೈನ್ಯ ಹೋಗಿತ್ತಲ್ಲ, ಅದ್ರ ಜೊತೆ ಹೋದ. ಆ ವರ್ಷ ಪಂಚಮಿಗೆ ರಜ ಸಿಗ್ಲಿಲ್ಲ. "ಮುಂದಿನ್ ವರ್ಷ ಬರ್ತೀನಿ, ಎರಡು ವರ್ಷದ್ದೂ ಸೇರ್ಸಿ ಬೆನ್ನಿಗೆ ಹಾಲು ಹಾಕು, ಹಂಡೆ ತುಂಬ ಇಟ್ಕೊಂಡಿರು" ಅಂತ ಕಾಗದ ಬರ್ದಿದ್ದ, ತರ್ಲೆ. ಆಮೇಲೆ ಬಂದಿದ್ದು ಒಂದು ಟೆಲಿಗ್ರಾಂ. ಕಾಣೆಯಾಗಿದ್ದಾರೆ. ಸತ್ತ ಅಂತ ಯಾರೂ ಹೇಳ್ಲಿಲ್ಲ. ಮನೇಲಿ ತಿಥೀನೂ ಮಾಡ್ಲಿಲ್ಲ. ಅವನ ಬೆನ್ನು ಹೆಂಗಿತ್ತು ಅಂತ ಆಂಟಿಗೆ ಈಗ್ಲೂ ನೆನಪಿದೆ. ಎಡಗಡೆ ಭುಜದ ಕೆಳಗೆ ಮಚ್ಚೆ. ಮುಖ ಮಾತ್ರ ಫೋಟೋ ನೋಡಿದ್ರೇನೇ.

ಗ್ರೇಸ್ ಹೋಗಿ ನೂರು ವರ್ಷ ಆಗಿರ್ಬೇಕು. ಹಂಗಾದ್ರೆ ಈ ಇಬ್ರ ಬೆನ್ನಿಗೆ ಹಾಲು ಹಾಕೋರ್ಯಾರು? ಆರು ವರ್ಷದಿಂದ, ಪಂಚಮಿ ಆದ್ಮೇಲೆ ಕ್ಲಿನಿಕ್ ಇರೋ ಮೊದಲ ಗುರುವಾರ, ಆಂಟಿ ಸರ್ವೋದಲ್ಲಿ ಹಾಲು ತಗೊಂಡು ಹೋಗ್ತಾರೆ. ಕಲ್ಲಿನ ಹಿಂದೆ ಕೂತು ಹೂವಲ್ಲಿ ಅದ್ದಿ ಅದ್ದಿ ಹಾಕ್ತಾರೆ. "ಬೆನ್ನು ತಂಪಾಗಿರ್ಲಿ." ಎಡ್ವಿನ್‌ಗೊಂದು, ಸೈಲಸ್‌ಗೊಂದು. ಮೂರನೇದು ಸ್ವಲ್ಪ ಎಡಕ್ಕೆ, ಭುಜದ ಕೆಳಗೆ ಅನ್ನೋ ಲೆಕ್ಕದಲ್ಲಿ.

ಈ ಸಲ ಹೋದ್ರೆ ಕಲ್ಲಿಗೆ ಕೌನ್ಸಿಲ್‌ನೋರು ಹಳದಿ ಚೀಟಿ ಅಂಟಿಸಿದಾರೆ. ವಾಲಿದೆ, ಅಪಾಯ, ಬೆನ್ನು ಕೆಳಗೆ ಮಾಡಿ ನೆಲಕ್ಕೆ ಮಲಗಿಸ್ತೀವಿ. ಆಕ್ಷೇಪಣೆ ಇದ್ರೆ ಕುಟುಂಬದವರು ತಿಳಿಸಿ.

"ಮಲಗಿಸಿದ್ರೆ ಬೆನ್ನೆಲ್ರೀ ಸಿಗುತ್ತೆ!" ಅಂತ ಆಂಟಿ ಕ್ಲಿನಿಕ್ಕಿಗೇ ನುಗ್ಗಿಬಿಟ್ರು. ಪೇಷೆಂಟ್ ಬೇರೆ ಕೂತಿದ್ದ.

ಮನೆಗ್ ಬಂದು ಆಕ್ಷೇಪಣೆ ಫಾರಂ ತುಂಬಿದ್ರು. 'ಮೃತರಿಗೆ ನೀವೇನಾಗಬೇಕು?' ಅನ್ನೋ ಕಡೆ ಮೃತರು ಅನ್ನೋದನ್ನ ಹೊಡೆದಾಕಿ 'ಸಿಸ್ಟರ್' ಅಂತ ಬರ್ದ್ರು. ಪರ್ತಿನ ಎಲೆನ್‌ಬ್ರೂಕಲ್ಲಿರೋ ಮಗಳು ರಂಜನಿ ಫೋನಲ್ಲಿ ಕಿರುಚಿದ್ಳು, "ಅಮ್ಮಾ, ಯು ಕಾಂಟ್ ಬಿ ದೇರ್ ಸಿಸ್ಟರ್! ದೆ ಆರ್ ಲೈಕ್ ಟೂ ಹಂಡ್ರೆಡ್ ಇಯರ್ಸ್ ಓಲ್ಡ್!"

"ವಯಸ್ಸಾಯ್ತು ಅಂತ ಅಣ್ಣ ಅಲ್ದೇ ಹೋಗ್ತಾನೇನೇ?"

ಕೆಳಗೆ ಇನ್ನೊಬ್ಬ ಸಂಬಂಧಿಕರ ಸಹಿ ಬೇಕಿತ್ತು. ಡಾಕ್ಟ್ರು ಕನ್ನಡಕ ಹಾಕ್ಕೊಂಡು, ಪೆನ್ ತಗೊಂಡು ಬರ್ದ್ರು, 'ಬ್ರದರ್-ಇನ್-ಲಾ'. ಆಂಟಿ ಒಳಗೆ ಹೋಗಿ ನಲ್ಲಿ ಬಿಟ್ಕೊಂಡು ಮುಖ ತೊಳ್ಕೊಂಡ್ರು.

ಮೂರು ವಾರ ಆದ್ಮೇಲೆ ಕೌನ್ಸಿಲ್ ಆಫೀಸಿಂದ ಒಬ್ಬ ಹೆಂಗಸು ಫೋನ್ ಮಾಡಿದ್ಲು. ಫಾರಂ ಓದಿ ಮೊದ್ಲು ನಕ್ಳಂತೆ. ಆಮೇಲೆ ಆಂಟಿ ಅಣ್ಣನ ವಿಷ್ಯ ಹೇಳಿದ್ರು, ಟೆಲಿಗ್ರಾಂವರೆಗೂ. ಎಲ್ಲಾ ಕೇಳಿ ಆಕೆ, "ಮುಂದಿನ ವರ್ಷದ ನಿಮ್ಮ ಹಬ್ಬದವರೆಗೂ ಮರದ ಆಸರೆ ಕೊಟ್ಟು ನಿಲ್ಲಿಸ್ತೀವಿ. ಬಂದು ಹೋಗೋ ಜನ ಇದ್ರೆ ರಿಪೇರಿಗೆ ದುಡ್ಡು ಕೇಳೋಣ" ಅಂದ್ಳು.

ಬಂದು ಹೋಗೋ ಜನ ಅಂದ್ರೆ ಸದ್ಯಕ್ಕೆ ಆಂಟಿ ಒಬ್ರೇ. ಬ್ರಿಸ್ಬೇನಲ್ಲಿರೋರು, ಪರ್ತಲ್ಲಿರೋರು ಅಡಿಲೇಡಿಗೆ ಬಂದ್ರೆ ಬೀಚು, ಚಾಕ್ಲೇಟ್ ಅಂಗಡಿ ಅಂತ ಸುತ್ತೋ ಬದ್ಲು ಕ್ಲಿನಿಕ್ ಇರೋ ಒಂದ್ ಗುರುವಾರ ಇಟ್ಕೊಳ್ಳಿ. ಬೆಳಗ್ಗೆ ಏಳಕ್ಕೆಲ್ಲ ಮಾಸನ್ ಲೇಕ್ಸ್ ಸ್ಟೇಷನ್ ಹತ್ರ ನಿಂತಿದ್ರೆ ಆಯ್ತು, ಡಾಕ್ಟರ್ ಕಾರಲ್ಲಿ ಹಿಂದಿನ ಸೀಟು ಖಾಲಿನೇ ಇರುತ್ತೆ. ಹೋಗಿ ಆಂಟೀನ ಮಾತಾಡ್ಸಿ, ಆ ಮೂರೂ ಜನಾನೂ ನೋಡ್ಕೊಂಡ್ ಬನ್ನಿ. ಹಾಲು ಅಲ್ಲೇ ಸರ್ವೋದಲ್ಲಿ ಸಿಗುತ್ತೆ.